ಸಂಬಂಧ: ಇದೆ / ಇಲ್ಲ

ಹಲ್ ಊರಿನ ಫೆಬ್ರವರಿ. ಹಂಬರ್ ಕಡೆಯ ಗಾಳಿಗೆ
ಕೊಡೆ ಬಿಚ್ಚುವುದು ದಡ್ಡತನ. ಒದ್ದೆ ತಲೆಯಲ್ಲೇ
ಮೂರನೇ ಮಹಡಿ ಹತ್ತಿ, ಗ್ಲೆನಿಸ್ ಕೊಟ್ಟ ಫಾರ್ಮು ತುಂಬಿದೆ:
ಅಭ್ಯರ್ಥಿಗಳಲ್ಲಿ ನಿಮ್ಮ ಮಕ್ಕಳು, ನೆಂಟರು, ಗೆಳೆಯರ ಮಕ್ಕಳು,
ದುಡ್ಡು ಕೊಟ್ಟು ನಿಮ್ಮಲ್ಲಿ ಪಾಠ ಹೇಳಿಸಿಕೊಂಡವರು
ಇದ್ದಾರೆಯೇ? ಇಲ್ಲ. ಇಲ್ಲ. ಇಲ್ಲ. ಇಲ್ಲ.
ಪೆನ್ನಿಗೆ ಸುಸ್ತೇ ಆಗಲಿಲ್ಲ.

ನನ್ನದು ಆರನೆಯ ಕೋಣೆ. ಎರಡು ಕುರ್ಚಿ, ಒಂದು ನೀರಿನ ಜಗ್ಗು.
ಎಂಟು ನಿಮಿಷ, ಗಂಟೆ, ಏಳಕ್ಕೆ ಇಷ್ಟು ಅಂತ ಅಂಕ, ಮತ್ತೆ ಗಂಟೆ.
ಪ್ರಶ್ನೆ ಎಲ್ಲರಿಗೂ ಒಂದೇ:
ತಪ್ಪು ಮಾಡಿದವರನ್ನು ನೀವು ಕ್ಷಮಿಸಿದ ಒಂದು ಸಂದರ್ಭ ಹೇಳಿ.

ಮಕ್ಕಳ ಎದೆಯ ಮೇಲೆ ಹೆಸರಿಲ್ಲ, ನಂಬರು ಮಾತ್ರ.
ಹೆಸರು ಮುಚ್ಚಿದರೆ ಊರು ಮುಚ್ಚುತ್ತದೆ, ಅಪ್ಪ ಮುಚ್ಚುತ್ತಾನೆ,
ಉಳಿಯುವುದು ಬರೀ ಯೋಗ್ಯತೆ, ಅಂತ
ತರಬೇತಿಯ ವಿಡಿಯೋದಲ್ಲಿ ಒಬ್ಬಾತ ನಗುತ್ತ ಹೇಳಿದ್ದ.
ಹೆಸರು ಮುಚ್ಚಬಹುದು. ಬಾಯಿ?

ಹದಿನೇಳನೇ ನಂಬರಿನ ಹುಡುಗಿ ಚೆನ್ನಾಗಿಯೇ ಮಾತಾಡಿದಳು,
ಯಾರ್ಕ್‌ಶೈರಿನ ಚಪ್ಪಟೆ ಇಂಗ್ಲಿಷು,
ನೆಟ್‌ಬಾಲ್ ತಂಡ, ಜಗಳ, ಕ್ಷಮೆ, ಇತ್ಯಾದಿ.
ನಾಲ್ಕರ ಮೇಲೆ ಪೆನ್ನಿಟ್ಟಿದ್ದೆ.
ಗಂಟೆ ಹೊಡೆದದ್ದೇ ಬೆಚ್ಚಿ, ಮೊಣಕೈ ತಾಗಿ, ಜಗ್ಗು ಉರುಳಿ
'ಅಯ್ಯೋ' ಅಂದಳು.
ಓಹ್ ಅಲ್ಲ, ಸಾರಿ ಅಲ್ಲ. ಅಯ್ಯೋ.
ತಮಿಳಿನದೂ ಇರಬಹುದು, ಮಲಯಾಳದ್ದೂ ಇರಬಹುದು;
ನನ್ನ ಕಿವಿ ವಿಚಾರಿಸಲು ನಿಲ್ಲಲಿಲ್ಲ.
ನೀರು ಒರೆಸುತ್ತ ಇಬ್ಬರೂ ನಕ್ಕೆವು.
ಬಾಗಿಲು ಮುಚ್ಚಿದ ಮೇಲೆ ನೋಡಿದರೆ
ಒದ್ದೆ ಹಾಳೆಯ ಮೇಲೆ ಐದು.
ನಾಲ್ಕು ಐದಾದದ್ದನ್ನು ನಾನು ನೋಡಲಿಲ್ಲ.
ಹಾಲು ಮೊಸರಾಗುವುದನ್ನು ಯಾರು ಕೂತು ನೋಡುತ್ತಾರೆ?

ಬಿಡುವಿನಲ್ಲಿ ಮೂಳೆ ಡಾಕ್ಟರ್ ಎಲಿಯಟ್ ಸಕ್ಕರೆ ಪೊಟ್ಟಣ ಹರಿಯುತ್ತ ಅಂದ:
'ನನ್ನ ಅಣ್ಣನ ಮಗಳು ಮಧ್ಯಾಹ್ನ ಬರುತ್ತಾಳೆ. ನನ್ನ ಕೋಣೆಗಲ್ಲ,
ಫಾರ್ಮಿನಲ್ಲಿ ಬರೆದುಕೊಟ್ಟಿದ್ದೇನೆ.
ಎತ್ತರದ ಹುಡುಗಿ, ಕೆಂಪು ಕೂದಲು. ಸುಮ್ಮನೆ ಹೇಳಿದೆ.'
ಸುಮ್ಮನೆ ಹೇಳಿದ ಮಾತಿಗೆ ಅದೆಷ್ಟು ಕಾಲು.
ನಾವೆಲ್ಲ ಚಹಾಕ್ಕೆ ಬಿಸ್ಕತ್ತು ಅದ್ದಿಕೊಂಡೆವು.

ಇಪ್ಪತ್ತಮೂರು. ಗ್ರಿಮ್ಸ್‌ಬಿಯ ಹುಡುಗ, ಎರವಲು ಕೋಟು, ತೋಳು ಗಿಡ್ಡ.
ಮಾತು ತಡೆತಡೆದು ಬಂತು.
ಅಪ್ಪ ಗೋಡೆಗೆ ಗಾರೆ ಮೆತ್ತುವವನು. ಸುಣ್ಣದ ಬಕೆಟ್ಟು ಜಾರಿ
ಎರಡೂ ಕಣ್ಣಿಗೆ. ಬಲಗಣ್ಣು ಉಳಿಯಿತು.
'ಇಲ್ಲಿನ ಆಸ್ಪತ್ರೆಯಲ್ಲೇ. ತೊಳೆಯುವುದು ತಡವಾಯಿತಂತೆ, ಇಪ್ಪತ್ತು ನಿಮಿಷ.
ಯಾರೋ ಡಾಕ್ಟರು. ಅಪ್ಪ ಬಯ್ಯಲಿಲ್ಲ,
ರಾತ್ರಿ ಪಾಳಿ, ಅವರಿಗೂ ನಿದ್ದೆ ಬಂದಿರುತ್ತೆ ಅಂದ.
ನಾನು ಇನ್ನೂ ಕ್ಷಮಿಸಿಲ್ಲ.
ನಿಮ್ಮ ಪ್ರಶ್ನೆಗೆ ಇದು ಉತ್ತರವಲ್ಲ, ಗೊತ್ತು.'

ಒಂಬತ್ತು ವರ್ಷ.
ಆ ರಾತ್ರಿ ತಡವಾಗಿ ಸಲೈನ್ ಹಿಡಿದ ಕೈ
ಈಗ ಪೆನ್ನು ಹಿಡಿದಿತ್ತು.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುತ್ತಿದ್ದೆವು ದಾವಣಗೆರೆಯಲ್ಲಿ
ಗಣಿತದ ಟೀಚರು ಯಾರಿಗೋ ಒಂದಂಕ ಜಾಸ್ತಿ ಕೊಟ್ಟರೆ.
ಗಾದೆ ಕಟ್ಟಿದವರು ಸುಣ್ಣ ಬಿದ್ದ ಕಣ್ಣು ನೋಡಿರಲಾರರು:
ಬೆಂದ ಮೊಟ್ಟೆಯ ಬಿಳಿ.

ಏಳು ಕೊಟ್ಟರೆ ಪ್ರಾಯಶ್ಚಿತ್ತ. ಎರಡು ಕೊಟ್ಟರೆ
ಕ್ಷಮಿಸದವನ ಮೇಲೆ ಸೇಡು. ನಾಲ್ಕೋ,
ಹೇಡಿಯ ಬಿಡಾರ.
ಗಂಟೆ ಹೊಡೆಯಿತು. ಖಾಲಿ ಹಾಳೆ ಹಿಡಿದು ಗ್ಲೆನಿಸ್ ಹತ್ತಿರ ಹೋದೆ.
'ನೆಂಟರೇ?' ಅಲ್ಲ.
'ಗುರುತೇ?' ಅವನಿಗಿಲ್ಲ.
'ಮತ್ತೆ?'
ಸಂಬಂಧ ಏನು ಅನ್ನುವ ಗೆರೆಯ ಮೇಲೆ ಬರೆದೆ:
ತಂದೆಯ ಎಡಗಣ್ಣು.

ಅವಳು ಕನ್ನಡಕ ಏರಿಸಿ ಎರಡು ಸಲ ಓದಿದಳು.
ಹುಡುಗನನ್ನು ಸಂಜೆ ಬೇರೆಯವರು ಕೇಳುತ್ತಾರೆ, ಬೇರೆ ಕೋಣೆಯಲ್ಲಿ.
ನಿಮ್ಮಂಥ ಪ್ರಾಮಾಣಿಕರು ಕಡಿಮೆ, ಅಂತ ಭುಜ ತಟ್ಟಿದಳು.

ಅವಳ ಹಿಂದೆ, ಹೀಟರಿನ ಮೇಲೆ, ಒಣಗಲು ಹರಡಿದ್ದ
ಹದಿನೇಳರ ಹಾಳೆ, ನೀರಿಗೆ ಸುಕ್ಕಾಗಿ.
ಐದು.
ಅದನ್ನು ಕೇಳುವ ಗೆರೆ ಫಾರ್ಮಿನಲ್ಲಿ ಇರಲಿಲ್ಲ.
ನಾನೂ ಎಳೆಯಲಿಲ್ಲ.