ಎರಡನೆಯ ಚುಕ್ಕೆ

ಗ್ಯುಮ್ರಿಯ ನೀರು ಕಚೇರಿ, ಮೂರನೇ ಮಹಡಿ.
ಕಿಟಕಿಯಾಚೆ ಕಪ್ಪುಕಲ್ಲಿನ ಮನೆಗಳ ಮೇಲೆ ಹಿಮ.
ಕೆಲಸಕ್ಕೆ ಸೇರಿದ ದಿನ
ತಿಕಿನ್ ಹೈಕನುಷ್ ನನ್ನ ಹೆಸರು ಕೇಳಲಿಲ್ಲ,
"ಪೂರ್ಣವಿರಾಮಕ್ಕೆ ಎಷ್ಟು ಚುಕ್ಕೆ?" ಎಂದರು.

ನಮ್ಮ ಅರ್ಮೇನಿಯನ್ ಲಿಪಿಯಲ್ಲಿ ಎರಡು,
ಒಂದರ ತಲೆಯ ಮೇಲೊಂದು.
ಒಂದೇ ಚುಕ್ಕೆ ಅಂದರೆ ಮಾತು ಮುಗಿದಿಲ್ಲ,
ಆಡುವವರು ಉಸಿರೆಳೆದುಕೊಳ್ಳುತ್ತಿದ್ದಾರೆ, ತಾಳಿ.
ಶಾಲೆಯಲ್ಲಿ ಕಲಿತಿದ್ದೆ. ಫೋನು ಬಂದ ಮೇಲೆ ಮರೆತಿದ್ದೆ.

ಮೊದಲ ವಾರವೇ ನನ್ನ ನೋಟೀಸು ಗೋಡೆಗೋಡೆಗೂ ಅಂಟಿತು,
'ಸೋಮವಾರ ನೀರು ಬರುವುದಿಲ್ಲ',
ಕೊನೆಗೊಂದು ಒಂಟಿ ಚುಕ್ಕೆ.
ಮಂಗಳವಾರ ಕೌಂಟರಿನ ಮುಂದೆ ಏಳು ಜನ ಮುದುಕರು,
ಬಕೆಟ್ಟಿನ ಸಮೇತ.
"ಆಮೇಲೇನು ಮಗಾ? ಮಿಕ್ಕಿದ್ದನ್ನು
ಯಾವ ಗೋಡೆಗೆ ಅಂಟಿಸಿದ್ದೀ?"
ತಮಾಷೆಯೋ, ನಿಜವಾಗಿಯೂ ಕೇಳಿದ್ದೋ,
ಇವತ್ತಿಗೂ ಗೊತ್ತಿಲ್ಲ.
ಈ ಊರಿನವರ ಮುಖವೇ ಹಾಗೆ.

ಇನ್ನು ಪ್ರಶ್ನೆ.
ಬೇರೆಯವರಲ್ಲಿ ಅದು ವಾಕ್ಯದ ಬಾಲಕ್ಕೆ ಜೋತುಬೀಳುತ್ತದೆ,
ನಮ್ಮಲ್ಲಿ ಯಾವ ಪದ ಚುಚ್ಚುತ್ತದೋ ಅದರ ಮೇಲೆಯೇ,
ಸ್ವರದ ನೆತ್ತಿಯಲ್ಲಿ ಪುಟ್ಟ ಕೊಕ್ಕೆ.
'ನಾಳೆ ನೀರು ಬರುತ್ತದೆ'
ಕೊಕ್ಕೆ 'ನಾಳೆ'ಯ ಮೇಲಿದ್ದರೆ, ನಾಳೆಯೇ? ನಾಡಿದ್ದಲ್ಲವೇ?
'ನೀರಿ'ನ ಮೇಲಿದ್ದರೆ, ನೀರೇ? ಮೊನ್ನೆಯ ತುಕ್ಕಿನ ಕಷಾಯವೇ?
'ಬರುತ್ತದೆ'ಯ ಮೇಲಿದ್ದರೆ
ಆ ಅರ್ಜಿ ನೆಟ್ಟಗೆ ಮುಖ್ಯ ಇಂಜಿನಿಯರ ಮೇಜಿಗೆ.
ತಿಕಿನ್ ಕೊಕ್ಕೆ ನೋಡಿಯೇ ವಿಂಗಡಿಸುತ್ತಿದ್ದರು,
ಓದುವುದು ಆಮೇಲೆ.

ನಾಲ್ಕು ಶಾಖೆ, ನಾಲ್ಕು ಬಗೆಯ ಬರವಣಿಗೆ.
ಒಬ್ಬರು ಗೆರೆ ಎಳೆದಲ್ಲಿ ಇನ್ನೊಬ್ಬರು ಅಲ್ಪವಿರಾಮ,
ಮೂರನೆಯವರು ಏನೂ ಇಲ್ಲದೆ
ಏದುಸಿರು ಬಿಡಿಸುತ್ತ ಪುಟದ ಅಂಚಿನವರೆಗೆ.
ಅವರು ಹದಿಮೂರು ಹಾಳೆಯ ನಿಯಮ ಬರೆದರು.
ಇಂಜಿನಿಯರ್ ಗಾಗಿಕ್ ನಕ್ಕರು,
"ಅಲ್ಪವಿರಾಮ ತಪ್ಪಿದರೆ ಪೈಪು ಸೋರುತ್ತದೆಯೇ ತಾಯೀ?"
"ನಿಮ್ಮ ವಾಲ್ವು ಒಂದು ಬೀದಿಯಲ್ಲಿ ಬಲಕ್ಕೆ,
ಇನ್ನೊಂದರಲ್ಲಿ ಎಡಕ್ಕೆ ತಿರುಗಿದರೆ
ಮಧ್ಯರಾತ್ರಿ ಗುಂಡಿಯೊಳಗಿರುವ ಫಿಟ್ಟರ್ ಏನು ಮಾಡಬೇಕು?"
ಮರುದಿನ ಹದಿಮೂರು ಹಾಳೆಗೂ ಮೊಹರು ಬಿತ್ತು.

ಮಾರ್ಚಿಯಲ್ಲಿ ಯೆರೆವಾನಿನಿಂದ ಅವರ ನಿವೃತ್ತಿಯ ಆದೇಶ.
'ಸೇವೆ ಇಂದಿಗೆ ಮುಕ್ತಾಯ'
ಕೊನೆಗೆ ಒಂದೇ ಚುಕ್ಕೆ.
ನಾವೆಲ್ಲ ನೋಡಿದೆವು. ಸ್ಟೋವಿನ ಸದ್ದು ಬಿಟ್ಟರೆ ಸದ್ದಿಲ್ಲ.
ಬಿಡಲಿ, ಇರಲಿ ಹಾಗೆಯೇ ಎಂದುಕೊಂಡೆ,
ಇದೊಂದು ಸಲ ತಪ್ಪೇ ಸರಿ.
ಅವರು ಕನ್ನಡಕ ಒರೆಸಿ ಹಾಕಿಕೊಂಡು
ಕೆಂಪು ಪೆನ್ನಿನಲ್ಲಿ ಮೇಲಿನ ಚುಕ್ಕೆ ಇಟ್ಟರು.
"ವಾಪಸ್ ಕಳಿಸು ತಾತುಲ್. ತಿದ್ದಿ ಕಳಿಸಲಿ.
ಅಲ್ಲಿಯತನಕ ಆದೇಶ ಬಂದಿಲ್ಲ."

ಹತ್ತೊಂಬತ್ತು ದಿನ ಬರಲಿಲ್ಲ.
ಅಷ್ಟೂ ದಿನ ಅವರು ಒಂಬತ್ತಕ್ಕೆ ಐದು ನಿಮಿಷ ಮುಂಚೆ ಹಾಜರು,
ನನ್ನ ಕರಡುಗಳ ಮೇಲೆ ಕೆಂಪು ಸುರಿಸುತ್ತ.
ಇಪ್ಪತ್ತನೆಯ ದಿನ ಬಂತು.
ಚುಕ್ಕೆ ಎರಡೂ ಇದ್ದವು,
ಆದರೆ 'ಸೇವೆ'ಯ ಪಕ್ಕದಲ್ಲಿ
ಯಾರೂ ಕರೆಯದ ಒಂದು ಅಲ್ಪವಿರಾಮ.

ನೋಡಿದರು. ನೋಡಿದ್ದನ್ನು ನಾನು ನೋಡಿದೆ.
ಸಹಿ ಹಾಕಿ, ಕೋಟಿನ ಗುಂಡಿ ಮೇಲಿನಿಂದ ಕೆಳಗೆ ಹಾಕಿಕೊಂಡು
ಹೊರಟರು.
ಆದೇಶದ ಮೇಲೆ ಕೆಂಪು ಪೆನ್ನು,
ಮುಚ್ಚಳ ತೆಗೆದದ್ದು,
ಮೊನೆ ನನ್ನ ಕಡೆಗೆ.