ಪುಟ ನೂರಾ ಹನ್ನೆರಡು

ಶಹಾಬಾದ ಲೈಬ್ರರಿಯ ಮಲ್ಕಣ್ಣ ಒಂದು ರಿಜಿಸ್ಟರ್ ಇಟ್ಟಾನ,
ಓದಿದ ಮ್ಯಾಲ ನಾಕು ಸಾಲು ಬರೀರಿ ಅಂತಾನ.
ಎಲ್ಲಾರೂ 'ಚೆನ್ನಾಗಿದೆ' ಅಂತ ಬರದಾರ.
ಒಬ್ಬರು ಮಾತ್ರ 'ಫ್ಯಾನ್ ರಿಪೇರಿ ಮಾಡಿಸಿರಿ' ಅಂದಾರ.
ಅದೊಂದೇ ನನಗ ಖರೇ ಅನಿಸಿದ ವಿಮರ್ಶಾ.

ನಾ ಸೀರಿಗಿ ಫಾಲ್ ಹಚ್ಚಾಕಿ.
ಮಷೀನಿಗಿ ಪುಸ್ತಕ ಆನಿಸಿಟ್ಟು
ಒಂದು ರೀಲು ದಾರ ತೀರೂತನ ಓದತೀನಿ.
ಕಾದಂಬರಿ ಒಗ್ಗಲಿಲ್ಲ.
ಮುಂದೇನಾತು ಅನ್ನೂ ಅವಸರಕ್ಕ
ಸೂಜಿ ಬೆರಳಿಗಿ ಚುಚ್ಚತದ.

ಪ್ರಬಂಧ ಆದ್ರ ಹಂಗಲ್ಲ.
ಬರಿಯಾಂವ ಉಪ್ಪಿನಕಾಯಿ ಭರಣಿ ಹಿಡಕೊಂಡು ಹೊಂಟಿರತಾನ,
ನಡುವ ಸೋದರತ್ತಿ ಸಿಗತಾಳ, ಒಂದು ನಾಯಿ ಸಿಗತದ,
ಭರಣಿ ಎಲ್ಲಿಟ್ಟೆ ಅಂತ ಅವಗೇ ನೆನಪಿಲ್ಲ.
ನಾ ಜಂಪರಿನ ತೋಳು ತಪ್ಪಿ ಹೊಲದು ಬಿಚ್ಚೂದರೊಳಗ
ಭರಣಿ ಸಮೇತ ಮನಿಗಿ ಬಂದಿರತಾನ.
ಅಂಥವರ ಮ್ಯಾಲ ನನಗ ಭಾಳ ಜೀವ.
ಕಡೀಗಿ ನೀತಿ ಹೇಳಿದ್ರ
ಆ ಜೀವ ಹೋಗತದ.

ಮಾಹಿತಿ ಪುಸ್ತಕ ಅಂದ್ರ ಕಟಕ ರೊಟ್ಟಿ,
ಹಲ್ಲು ಗಟ್ಟಿ ಬೇಕು.
ಆದ್ರ ಅಂಥಾದೊಂದರಾಗೇ ಓದೀನಿ,
ನಮ್ಮ ಪರಸಿ ಕಲ್ಲು ಒಂದು ಕಾಲಕ್ಕ ಸಮುದ್ರದ ತಳ ಇತ್ತಂತ,
ಮನಿಷ್ಯಾ ಹುಟ್ಟೂಕಿಂತ, ಮೀನು ಹುಟ್ಟೂಕಿಂತ ಮೊದಲ.
ಅವತ್ತ ರಾತ್ರಿ ಅಡಗಿಮನಿ ನೆಲ ಒರಸೂಮುಂದ
ತೆರಿಗಳ ಗೆರಿ ಕಂಡ್ವು.
ಮೂವತ್ತು ವರ್ಷ ಅದರ ಮ್ಯಾಲೇ ಮಲಗೀನಿ.
ಅಪ್ಪಗ ಹೇಳಿದೆ. ಅಂವ ಬಸಿಯಾಗಿನ ಚಹಾ ಊದಿ,
'ಅದಕ್ಕೇ ಖಣಿಯಾಗ ಬಾಯಿ ಉಪ್ಪುಪ್ಪು ಆಗತಿತ್ತು' ಅಂದ.
ಯಾವ ಕವಿನೂ ನನಗ ಇಷ್ಟು ಕೊಟ್ಟಿಲ್ಲ.

ಕವಿಗಳು ಸಿಟ್ಟಾಗಬ್ಯಾಡ್ರಿ.
ನೀವು 'ಮೌನ' ಅಂತ ಭಾಳ ಬರೀತೀರಿ.
ಖರೇನ ಮೌನ ಇದ್ದವರು ಲೈಬ್ರರಿಗಿ ಬರಂಗಿಲ್ಲ,
ಅವರಿಗಿ ಪುರುಸೊತ್ತಿಲ್ಲ.
ಪುಟಕ್ಕ ಹನ್ನೊಂದು ಸಾಲು, ಉಳಿದ ಹಾಳಿ ಖಾಲಿ,
ಅಳತಿ ತಪ್ಪಿದ ಅರಿಬಿ ಅಂತ ಬೈದೀನಿ.
ಆದ್ರೂ ಒಂದು ಸಣ್ಣ ಕವಿತಾ, ಒಗ್ಗರಣಿ ಸೌಟಿನ ಮ್ಯಾಲ ಬರದದ್ದು,
ಗ್ಯಾಸ್ ಪುಸ್ತಕದ ಹಿಂದ ಇಳಿಸಿಕೊಂಡೀನಿ.
ಏನು ಹೇಳತದ ಅಂತ ಕೇಳಬ್ಯಾಡ್ರಿ.
ಸಿಲಿಂಡರ್ ತಂದ ಹುಡುಗ ಅದನ್ನ ಓದಕೋತ ನಿಂತು
ಸಹಿ ಮಾಡೂದು ಮರತ.

ಇನ್ನ ಆತ್ಮಕಥಿ.
ದೊಡ್ಡ ಮಂದಿ ಬರದದ್ದು ನಾ ಮೊದಲಿನಿಂದ ಓದಂಗಿಲ್ಲ.
ಅಡಗಿ ಯಾರು ಮಾಡತಿದ್ರು, ಕಾರು ಯಾರು ಹೊಡೀತಿದ್ರು,
ಅವರಿಗೊಂದು ಹೆಸರು ಕೊಟ್ಟಾರೇನು, ಅದನ್ನ ಹುಡುಕತೀನಿ,
ಸೀರಿ ನೇಯ್ಗಿ ತಿಳೀಲಾಕ ಸೆರಗು ಹೊಳ್ಳಿಸಿ ನೋಡಿದಂಗ.

ಫ್ಯಾಕ್ಟರಿ ಸಾಹೇಬರೊಬ್ಬರ ಪುಸ್ತಕ ಬಂತು,
ದಪ್ಪ ರಟ್ಟು, ರಟ್ಟಿನ ತುಂಬ ಅವರ ನಗು.
ಪುಟ ನೂರಾ ಹನ್ನೆರಡು:
'ಅಂದು ಗಣಿಯಲ್ಲಿ ಸಣ್ಣ ಅವಘಡ ಸಂಭವಿಸಿತು. ಊಟ ತಡವಾಯಿತು.'
ಎರಡು ಸಲ ಓದಿದೆ.
ಮುಂದಿನ ಸಾಲಿನಾಗ ಊಟಕ್ಕ ಏನಿತ್ತು ಅಂತ ಅದ.
ಬದನಿಕಾಯಿ.

ಲೈಬ್ರರಿ ಪುಸ್ತಕದಾಗ ಬರೀಬಾರದು, ನನಗೂ ಗೊತ್ತದ.
ಅರಿಬಿಗಿ ಗುರ್ತು ಹಾಕೂ ಪೆನ್ಸಿಲ್ಲಿಲೆ ಅಂಚಿಗಿ ಬರದೆ:
ಹುಸೇನಪ್ಪ. ಎಡಗೈ. ಎರಡು ಬೆರಳು.
ಮಲ್ಕಣ್ಣ ನೋಡಿ ಹತ್ತು ರೂಪಾಯಿ ದಂಡ ತೊಗೊಂಡ,
ರಬ್ಬರ್ ಮಾತ್ರ ಹುಡುಕಲಿಲ್ಲ.

ಹೋದ ವಾರ ಮತ್ತ ತೆಗದು ನೋಡಿದೆ.
ನನ್ನ ಅಕ್ಷರದ ಕೆಳಗ ನೀಲಿ ಶಾಯಿ, ಬ್ಯಾರೆ ಕೈ:
ಮರೆಪ್ಪ. ಬಲಗಣ್ಣು. ಅದೇ ದಿನ.
ಅದರ ಕೆಳಗ ಯಾರೋ ಉರ್ದುದಾಗ ಒಂದು ಸಾಲು ಬರದಾರ,
ನನಗ ಓದಲಾಕ ಬರಂಗಿಲ್ಲ.

ಖುರ್ಷೀದ್ ಆಪಾ ಕುರ್ತಾ ಒಯ್ಲಾಕ ನಾಳೆ ಬರತಾಳ.
ಪುಸ್ತಕ ಅಕಿ ಕುರ್ತಾದ ಮಡಿಕಿಯೊಳಗೇ ಇಟ್ಟೀನಿ.