ಏಣಿ ಬಾಕಿ

ಹನ್ನೊಂದು ಮೆಟ್ಟಿಲಿನ ಬಿದಿರೇಣಿ.
ಗಂಗಾವತಿಯ ರೈಸ್‌ಮಿಲ್ಲುಗಳ ನೆತ್ತಿಯ ಮೇಲೆ
ಹೆಸರು ಬರೆಯುವಾಗೆಲ್ಲ ನನ್ನನ್ನು ಹೊತ್ತದ್ದು.
ಯಮನೂರಪ್ಪ ಬಂದ: "ಒಂದ್ ತಾಸು ಕೊಡಪಾ,
ಡಿಶ್ ತಿರುವಬೇಕು, ಮ್ಯಾಚ್ ಐತಿ."
ಕೊಟ್ಟೆ.

ನಡುವಿಗೆ ಮುರಿಯಿತು ಏಣಿ.
ಅವನ ಕಾಲೂ.

ಹದಿನೆಂಟು ನೂರು ಕೇಳಲು ಹೊರಟೆ.
ಹಿರೇಜಂತಕಲ್ ದಾಟುವವರೆಗೆ ಮಾತು ಬಾಯಲ್ಲೇ ಇತ್ತು;
ಹೊಸ್ತಿಲಲ್ಲಿ ಚಾಚಿದ ಬಿಳಿ ಪ್ಲಾಸ್ಟರು ಕಂಡು ನುಂಗಿದೆ.
ಪಾರವ್ವ ತಟ್ಟೆ ತುಂಬ ಮಂಡಾಳೊಗ್ಗರಣೆ ತಂದಿಟ್ಟಳು,
ಮೇಲೆರಡು ಮಿರ್ಚಿ.
ತಿಂದೆ. ತಿಂದ ಮೇಲೆ ಕೇಳುವುದು ಇನ್ನೂ ಕಷ್ಟ.

ಅವನೇ ಅಂದ: "ಬಂದದ್ದು ಯಾಕಂತ ಗೊತ್ತೈತಿ.
ಬರಿ ಇಲ್ಲೇ. ದಿನಾ ಕಾಣತೈತಿ, ಮರಿಯಂಗಿಲ್ಲ."
ಕಾಲು ಮುಂದೆ ಸರಿಸಿದ.

ಮಗಳು ಬರೆದ ಎರಡು ಗಿಳಿಗಳ ಕೆಳಗೆ
ಕೆಂಪು ಎನಾಮೆಲ್ಲಿನಲ್ಲಿ, ಕಪ್ಪು ನೆರಳು ಕೊಟ್ಟು,
ಮಿಲ್ಲಿನ ಸಾಹುಕಾರರಿಗೂ ಕೊಡದಷ್ಟು ನೀಟಾಗಿ ಬರೆದೆ:
ಏಣಿ ಬಾಕಿ ೧೮೦೦.
ಇಬ್ಬರೂ ನಕ್ಕೆವು.
ನಾನು ಸ್ವಲ್ಪ ಕಡಿಮೆ ನಕ್ಕೆ.

ಆರು ವಾರಕ್ಕೆ ಸರ್ಕಾರಿ ದವಾಖಾನೆಯಲ್ಲಿ
ಗರಗಸ ಗುರ್ರೆಂದಿತು.
ನನ್ನ ಹೆಗಲು ಹಿಡಿದೇ ಕೂತಿದ್ದ.
ಏಣಿ ಒಂದು ಹೋಳಿಗೆ, ಬಾಕಿ ಇನ್ನೊಂದಕ್ಕೆ.
ಕಂಪೌಂಡರ್ ಓದಲೂ ಇಲ್ಲ, ಬುಟ್ಟಿಗೆಸೆದ.
ಒಳಗಿಂದ ಬಂದ ಕಾಲು
ಸಣ್ಣ ಹುಡುಗನದರಂತಿತ್ತು.

ಉಳಿದ ಐದು ಮೆಟ್ಟಿಲೇರಿ ಈಗ
ಪಂಕ್ಚರ್ ಅಂಗಡಿಗಳ ಬೋರ್ಡು ಬರೆಯುತ್ತೇನೆ.
ಆ ದಾರಿಯಲ್ಲೇ ಕುಂಟುತ್ತಾ ಬರುತ್ತಾನೆ,
ದೂರದಿಂದಲೇ ಕೈ ಎತ್ತುತ್ತಾನೆ.
ಎತ್ತಿದ ಕೈಯಲ್ಲಿ ಏನಾದರೂ ಇದೆಯಾ ಎಂದು
ನೋಡುತ್ತೇನೆ,
ಈಗಲೂ.